ಏಳು ಕಿಲೋಮೀಟರ್, ಏಳು ವರ್ಷ



ಬೆಂಗಳೂರಿನಲ್ಲಿ 2016ರಿಂದ, ಫೆಬ್ರವರಿ ಕೊನೆಯ ಆಸುಪಾಸಿನಲ್ಲಿ, ಒಂದು ಸಾಮೂಹಿಕ ಓಟ ಮತ್ತು ನಡಿಗೆ ನಡೆದುಕೊಂಡು ಬಂದಿದೆ. ಅದರ ಹೆಸರು ರೇಸ್ ಫಾರ್ ಸೆವೆನ್. ಏರ್ಪಡಿಸುವುದು ಆರ್ಗನೈಸೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಎಂಬ, ಇದೇ ಊರಿನಲ್ಲಿ ನೆಲೆಯಿರುವ ಸಂಸ್ಥೆ. ನಡೆಯಬೇಕಾದ ದೂರ ಏಳು ಕಿಲೋಮೀಟರ್. ಈ ಏಳಕ್ಕೆ ಸಂಘಟಕರು ಮೂರು ಅರ್ಥ ಕೊಟ್ಟಿದ್ದಾರೆ. ಜಗತ್ತಿನಲ್ಲಿ ಇದುವರೆಗೆ ಗುರುತಿಸಿರುವ ವಿರಳ ಕಾಯಿಲೆಗಳು ಸುಮಾರು ಏಳು ಸಾವಿರ. ಇಂಥ ಕಾಯಿಲೆಯೊಂದಕ್ಕೆ ಸರಿಯಾದ ಹೆಸರು ಸಿಗಲು ಹಿಡಿಯುವ ಕಾಲ ಸರಾಸರಿ ಏಳು ವರ್ಷ. ಭಾರತದಲ್ಲಿ ಇಂಥ ಕಾಯಿಲೆಯಿಂದ ಬಳಲುವವರು ಏಳು ಕೋಟಿ ಎಂಬುದು ಅಂದಾಜು. ಇಂದಿನ ನನ್ನ ಮಾತೆಲ್ಲ ಈ ಮೂರು ಏಳುಗಳ ಸುತ್ತ. ಮೊದಲನೆಯದು ವಿಜ್ಞಾನದ ಲೆಕ್ಕ; ನಾವು ನಡೆದರೆ ಅದು ಕಡಿಮೆಯೂ ಆಗದು, ಹೆಚ್ಚೂ ಆಗದು. ಮೂರನೆಯದು ಅಂದಾಜು, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ನಡುವಿನ ಏಳು ಇದೆಯಲ್ಲ, ಒಂದು ಮನೆಯವರು ಮಗುವನ್ನು ಎತ್ತಿಕೊಂಡು ಊರೂರು ಅಲೆಯುವ ಆ ಏಳು ವರ್ಷ, ಅದು ಜನ ಮನಸ್ಸು ಮಾಡಿದರೆ ಕರಗುವಂಥದ್ದು. ಜಾಗೃತಿ ನಡಿಗೆಗೆ ಏನಾದರೂ ಅರ್ಥವಿದ್ದರೆ ಅದು ಅಲ್ಲಿದೆ. ನಡಿಗೆಯಿಂದ ಎಷ್ಟು ಹಣ ಬಂತು, ಎಷ್ಟು ಜನ ಸೇರಿದರು ಎಂದು ಕೇಳುವ ಮೊದಲು, ಅಲೆದಾಟದ ಎಷ್ಟು ತಿಂಗಳು ಉಳಿಯಿತು ಎಂದು ಕೇಳಬೇಕೆಂಬುದು ನನ್ನ ವಾದ.

ಏಳು ಕೋಟಿಯ ಲೆಕ್ಕದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಜಗತ್ತಿನ ಜನಸಂಖ್ಯೆಯಲ್ಲಿ ಶೇಕಡಾ 6ರಿಂದ 8 ಮಂದಿಗೆ ಯಾವುದಾದರೊಂದು ವಿರಳ ಕಾಯಿಲೆ ಇರಬಹುದೆಂಬ ಹೊರದೇಶದ ಪ್ರಮಾಣವನ್ನು ನಮ್ಮ ಜನಸಂಖ್ಯೆಗೆ ಗುಣಿಸಿದಾಗ ಬರುವ ಮೊತ್ತ ಅದು. ಕೇಂದ್ರ ಸರ್ಕಾರದ 2017ರ ವಿರಳ ಕಾಯಿಲೆಗಳ ನೀತಿಯೂ ಇದೇ ದಾರಿ ಹಿಡಿದು 7.2 ಕೋಟಿಯಿಂದ 9.6 ಕೋಟಿ ಎಂದಿತ್ತು. 2021ರ ನೀತಿ ಹೆಚ್ಚು ಪ್ರಾಮಾಣಿಕ: ನಮ್ಮಲ್ಲಿ ಎಣಿಕೆಯೇ ಆಗಿಲ್ಲವಾದ್ದರಿಂದ ಎಷ್ಟು ಮಂದಿಗಿದ್ದರೆ ವಿರಳ ಎನ್ನಬೇಕೆಂಬ ಸಂಖ್ಯೆಯನ್ನು ಅದು ನಿಗದಿ ಮಾಡಲೇ ಇಲ್ಲ. ಅಮೆರಿಕದಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ಜನಕ್ಕೆ ಇರುವುದು, ಯುರೋಪಿನಲ್ಲಿ ಹತ್ತು ಸಾವಿರಕ್ಕೆ ಐದಕ್ಕಿಂತ ಹೆಚ್ಚಿಲ್ಲದ್ದು ವಿರಳ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೋಗಿಗಳ ನೋಂದಣಿ ಶುರು ಮಾಡಿದ್ದೇ 2017ರಲ್ಲಿ. ಬ್ಯಾನರಿನ ಮೇಲೆ ಏಳು ಕೋಟಿ ಎಂದು ಬರೆದರೆ ಓದಿದವರಿಗೆ ಬೆರಗಾಗುತ್ತದೆ, ಆದರೆ ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ. ಸಮುದ್ರದಷ್ಟು ದೊಡ್ಡ ಸಂಖ್ಯೆಯ ಎದುರು ನಿಂತ ಸರ್ಕಾರಕ್ಕೂ ಕೈಚೆಲ್ಲಲು ಅದೊಂದು ನೆಪವಾಗುತ್ತದೆ. ನಮ್ಮ ಬೀದಿಯಲ್ಲಿ, ನಮ್ಮ ವಾರ್ಡಿನಲ್ಲಿ ಎಷ್ಟು ಮನೆ ಎಂದು ಕೇಳುವ ಸಣ್ಣ ಲೆಕ್ಕಕ್ಕೆ ಹೆಚ್ಚು ಬಲವಿದೆ.

ಆ ಏಳು ವರ್ಷಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದು ಕಾಯಿಲೆಯನ್ನು ಸ್ವಲ್ಪ ವಿವರವಾಗಿ ನೋಡೋಣ. 1912ರಲ್ಲಿ ಕಿನ್ನಿಯರ್ ವಿಲ್ಸನ್ ಎಂಬ ನರವೈದ್ಯರು ವಿವರಿಸಿದ, ಅವರ ಹೆಸರನ್ನೇ ಹೊತ್ತ ಕಾಯಿಲೆ ಅದು. ನಾವು ತಿನ್ನುವ ಅನ್ನ, ಬೇಳೆ, ಕಾಳುಗಳಲ್ಲಿ ತಾಮ್ರದ ಅಂಶ ಇದ್ದೇ ಇರುತ್ತದೆ. ಮಿಕ್ಕ ತಾಮ್ರವನ್ನು ಪಿತ್ತರಸದ ಮೂಲಕ ಪಿತ್ತಜನಕಾಂಗ ಹೊರಹಾಕುತ್ತದೆ. ಈ ಕಾಯಿಲೆ ಇರುವವರಲ್ಲಿ ಆ ಕೆಲಸ ನಡೆಯುವುದಿಲ್ಲ. ತಾಮ್ರ ಮೊದಲು ಪಿತ್ತಜನಕಾಂಗದಲ್ಲಿ, ಆಮೇಲೆ ಮಿದುಳಿನಲ್ಲಿ, ಕಣ್ಣಿನಲ್ಲಿ ಕೂತುಬಿಡುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗಿಯ ಬರವಣಿಗೆ ಇದ್ದಕ್ಕಿದ್ದಂತೆ ಕೆಡುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ, ಸಿಟ್ಟು ಬರುತ್ತದೆ. ಶಾಲೆಯವರು ಸೋಮಾರಿತನ ಎನ್ನುತ್ತಾರೆ. ಮನೆಯವರು ಗಾಳಿ ಸೋಕಿದೆ ಎಂದು ದೃಷ್ಟಿ ತೆಗೆಸಿ ಹರಕೆ ಕಟ್ಟುತ್ತಾರೆ. ಕಾಮಾಲೆ ಬಂದರೆ ಸೊಪ್ಪಿನ ಮದ್ದು ಹುಡುಕುತ್ತಾರೆ. ಮನೋವೈದ್ಯರ ಬಳಿ ಹೋದರೆ ಅಲ್ಲೂ ಕೆಲವು ತಿಂಗಳು ಬೇರೆ ಮಾತ್ರೆ. ಕಣ್ಣಿನ ಕಪ್ಪು ಗುಡ್ಡೆಯ ಅಂಚಿನ ಕಂದು ಬಣ್ಣದ ಉಂಗುರವನ್ನು ಯಾರಾದರೂ ನೋಡಿ ಗುರುತಿಸುವವರೆಗೆ ಅಲೆದಾಟ ಮುಗಿಯುವುದಿಲ್ಲ. ಇಷ್ಟಾಗಿ ಇದಕ್ಕೆ ಔಷಧವಿದೆ. ದೇಹದ ತಾಮ್ರವನ್ನು ಹೊರಗೆಳೆಯುವ ಪೆನಿಸಿಲಮೈನ್ 1956ರಿಂದ ಬಳಕೆಯಲ್ಲಿದೆ. ತಾಮ್ರ ಮೈಗೆ ಹತ್ತದಂತೆ ತಡೆಯುವ ಸತುವಿನ ಮಾತ್ರೆ ಅಗ್ಗದ್ದು. ಬೇಗ ಶುರು ಮಾಡಿ ತಪ್ಪದೆ ತೆಗೆದುಕೊಂಡರೆ ಆ ಹುಡುಗಿ ಓದಿ, ಕೆಲಸಕ್ಕೆ ಹೋಗಿ, ಎಲ್ಲರಂತೆ ಬಾಳಬಲ್ಲಳು. ಅಷ್ಟೇ ಅಲ್ಲ, ಒಬ್ಬರಲ್ಲಿ ಕಾಯಿಲೆ ಪತ್ತೆಯಾದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದರಷ್ಟು ಸಂಭವವಿರುವುದರಿಂದ ತಮ್ಮ ತಂಗಿಯರನ್ನು ಪರೀಕ್ಷಿಸಿ, ಲಕ್ಷಣ ಕಾಣಿಸುವ ಮೊದಲೇ ಕಾಪಾಡಬಹುದು. ಈ ಕಾಯಿಲೆಯ ಬಗ್ಗೆ ಜಗತ್ತು ಓದುವ ದೊಡ್ಡ ಅಧ್ಯಯನಗಳಲ್ಲೊಂದು ಬಂದದ್ದು ನಮ್ಮ ಪಕ್ಕದ, ಹೊಸೂರು ರಸ್ತೆಯ ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನಿಂದ. ಡಾ. ಎ.ಬಿ. ತಲಿ ಮತ್ತು ಸಹೋದ್ಯೋಗಿಗಳು ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಜ್ಞಾನ ಹೊಸೂರು ರಸ್ತೆಯಲ್ಲಿದೆ. ಅದು ಬೀದಿಗೆ ಇಳಿದಿಲ್ಲ.

ಇಳಿಯದೆ ಉಳಿದ ಜ್ಞಾನ ಇದೊಂದೇ ಅಲ್ಲ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಕಾಗದಕ್ಕೆ ಒತ್ತಿ ಪರೀಕ್ಷಿಸಿದರೆ ಹಲವು ವಂಶವಾಹಿ ಕಾಯಿಲೆಗಳು ಆಗಲೇ ತಿಳಿಯುತ್ತವೆ. ಥೈರಾಯ್ಡ್ ಕೊರತೆಯೊಂದಿಗೆ ಹುಟ್ಟಿದ ಮಗುವಿಗೆ ಮೊದಲ ವಾರಗಳಲ್ಲೇ ಮಾತ್ರೆ ಸಿಕ್ಕರೆ ಬುದ್ಧಿ ಮಂದವಾಗುವುದಿಲ್ಲ. ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆಯಿದ್ದರೆ ಬಯೋಟಿನ್ ಎಂಬ ಸಾಮಾನ್ಯ ವಿಟಮಿನ್ ಸಾಕು. ಸಿಗದಿದ್ದರೆ ಫಿಟ್ಸ್, ಕಿವುಡು. ಭಾರತದಲ್ಲಿ ಇಂಥ ತಪಾಸಣೆಯನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದ್ದು ಇದೇ ಬೆಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ, 1980ರಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮೊದಲಾದವರ ಆ ಕೆಲಸದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತ ಪರೀಕ್ಷೆಯಾಯಿತು. ಅದರ ಜೊತೆಗೇ ಬೆಂಗಳೂರು ಮತ್ತು ಮೈಸೂರಿನ ತಾಯಂದಿರ ಮದುವೆಯ ಲೆಕ್ಕವೂ ದೊರೆಯಿತು: ಸುಮಾರು ಮೂರರಲ್ಲಿ ಒಂದು ಮದುವೆ ಹತ್ತಿರದ ಸಂಬಂಧದಲ್ಲಿ ಆದದ್ದು, ಅದರಲ್ಲೂ ಸೋದರಮಾವನೊಡನೆ ಆದದ್ದೇ ಬಹುಪಾಲು. ತಂದೆ ತಾಯಿ ಇಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಕೂಡಿ ಹೊರಬರುವ ಕಾಯಿಲೆಗಳಿಗೆ ಇಂಥ ಮದುವೆ ದಾರಿ ಅಗಲ ಮಾಡುತ್ತದೆ. ನಲವತ್ತು ವರ್ಷಗಳ ಹಿಂದೆಯೇ ನಮ್ಮದೇ ಊರಿನಲ್ಲಿ ಕಂಡುಕೊಂಡ ಸಂಗತಿಗಳಿವು. ಆದರೂ ಹಿಮ್ಮಡಿಯ ಆ ಹನಿ ರಕ್ತದ ಪರೀಕ್ಷೆ, ತಾಯಿ ಕಾರ್ಡಿನಲ್ಲಿ ಲಸಿಕೆಗಳಿಗೆ ಗುರುತು ಹಾಕುವಷ್ಟು ಸಹಜವಾಗಿ, ಹುಟ್ಟಿದ ಪ್ರತಿ ಮಗುವಿಗೂ ಆಗುವ ವ್ಯವಸ್ಥೆಯಾಗಲಿಲ್ಲ. ಬೇಕು ಎಂದು ಕೇಳುವ ಜನ ಇರಲಿಲ್ಲ. ಇದ್ದವರಿಗೆ ಏನನ್ನು ಕೇಳಬೇಕೆಂಬುದು ಗೊತ್ತಿರಲಿಲ್ಲ.

ಕೇಳುವವರಿಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನ ಹಂದಿಗೋಡು ಕಾಯಿಲೆಗಿಂತ ಕಟುವಾದ ನಿದರ್ಶನ ನನಗೆ ಕಾಣದು. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುವಿನಲ್ಲಿ ಇದು ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು, ನೋವು ತಡೆಯಲಾರದೆ ಜನ ಬಾಗಿ, ಕೊನೆಗೆ ತೆವಳುವ ಸ್ಥಿತಿ. ಹೆಚ್ಚು ನರಳಿದವರು ಚನ್ನಂಗಿ, ಛಲವಾದಿ ಸಮುದಾಯಗಳ ಕೃಷಿ ಕೂಲಿಗಳು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯಲ್ಲಿ ಸೇರಿ, ಆ ಏಡಿ ತಿಂದವರಿಗೆ ಬಂತೆಂದು ಮೊದಲಿಗೆ ಶಂಕೆ ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1977ರಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು. ಇದು ಮೂಳೆಯ ಬೆಳವಣಿಗೆಯ ದೋಷ, ತಂದೆ ಅಥವಾ ತಾಯಿಯೊಬ್ಬರಿಂದಲೇ ಮಕ್ಕಳಿಗೆ ಇಳಿಯುವ ವಂಶವಾಹಿ ಕಾಯಿಲೆ ಎಂಬುದು ಸ್ಪಷ್ಟವಾದದ್ದು ಆಮೇಲೆ. ಸಂಶೋಧಕರು ಬಂದರು, ರಕ್ತ ತೆಗೆದರು, ಎಕ್ಸ್-ರೇ ಹಿಡಿದರು, ಹೋದರು. ಒಂದು ಊರಿನ ಹೆಸರು ಜಗತ್ತಿನ ವೈದ್ಯಕೀಯ ನಿಯತಕಾಲಿಕಗಳಲ್ಲಿ ಕಾಯಿಲೆಯ ಹೆಸರಾಗಿ ಸೇರಿತು. ಕನ್ನಡ ನಾಡಿನಲ್ಲಿಯೇ ಹುಟ್ಟಿ ಕನ್ನಡದ ಹೆಸರು ಹೊತ್ತ ಕಾಯಿಲೆಯ ಬಗ್ಗೆ ಬೆಂಗಳೂರಿನ ಜಯನಗರದ ಹತ್ತು ಜನರನ್ನು ಕೇಳಿ ನೋಡಿ, ಎಷ್ಟು ಮಂದಿಗೆ ಗೊತ್ತಿದೆ? ಹೆಸರು ಇದ್ದರೆ ಸಾಲದು, ಅದನ್ನು ಹೊತ್ತು ತಿರುಗುವವರು ಬೇಕು.

ಹೊತ್ತು ತಿರುಗಿದವರ ಕತೆ ದಾವಣಗೆರೆಯಲ್ಲಿದೆ. ಕುಸುಮ ರೋಗವೆಂದು ಕನ್ನಡ ಪತ್ರಿಕೆಗಳು ಕರೆಯುವ ಹಿಮೋಫಿಲಿಯಾದಲ್ಲಿ ರಕ್ತ ಹೆಪ್ಪುಗಟ್ಟಿಸುವ ಒಂದು ಅಂಶ ಕಡಿಮೆ. ಸಣ್ಣ ಪೆಟ್ಟಿಗೂ ಒಳಗೊಳಗೇ ರಕ್ತ ಸುರಿದು ಮಂಡಿ ಊದುತ್ತದೆ, ಮತ್ತೆ ಮತ್ತೆ ಊದಿ ಕೀಲು ಸೆಟೆದುಹೋಗುತ್ತದೆ. ಸ್ವತಃ ಈ ಕಾಯಿಲೆಯಿರುವ ರೋಗನಿದಾನ ತಜ್ಞ ಡಾ. ಸುರೇಶ್ ಹನಗವಾಡಿ ಅವರು ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ದಾವಣಗೆರೆಯನ್ನು ರಾಜ್ಯದ ರೋಗಿಗಳೆಲ್ಲ ಬಂದು ಸೇರುವ ಜಾಗವಾಗಿ ಮಾಡಿದರು. ಏಪ್ರಿಲ್ 17ರ ವಿಶ್ವ ಹಿಮೋಫಿಲಿಯಾ ದಿನದ ಜಾಥಾಗಳು ಆ ಕೆಲಸದ ಒಂದು ತುಣುಕು ಮಾತ್ರ. ಜಾಥಾದ ಹಿಂದೆ ವರ್ಷಪೂರ್ತಿ ತೆರೆದಿರುವ ಬಾಗಿಲಿತ್ತು, ರೋಗಿಗಳ ಪಟ್ಟಿಯಿತ್ತು, ಮಂಡಿ ಊದಿದ ಹುಡುಗನನ್ನು ಯಾರ ಬಳಿ ಕಳುಹಿಸಬೇಕೆಂಬುದು ತಾಲ್ಲೂಕಿನ ವೈದ್ಯರಿಗೂ ಗೊತ್ತಿತ್ತು. ಒಂದು ಕಾಲಕ್ಕೆ ಮುಂಬೈ, ದೆಹಲಿಗಳ ಮಾತಾಗಿದ್ದ, ಕಡಿಮೆಯಿರುವ ಆ ಅಂಶವನ್ನು ತುಂಬುವ ಫ್ಯಾಕ್ಟರ್ ಚುಚ್ಚುಮದ್ದು ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಹಂತಕ್ಕೆ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಹಿಮೋಫಿಲಿಯಾ, ಥಲಸೇಮಿಯಾ, ಕುಡಗೋಲು ಕಣ ಕಾಯಿಲೆ, ಸ್ನಾಯುಕ್ಷಯ ಇವೆಲ್ಲ ಸೇರಿದವು. ದೇಶದ ಹಲವೆಡೆ ಇಂಥ ಸಂಘಗಳು ವರ್ಷಗಟ್ಟಲೆ ಬಾಗಿಲು ತಟ್ಟಿದ್ದರ ಫಲವದು.

ನಡೆದು ಹೋಗಿ ಜನರನ್ನು ಕೇಳುವುದು ನಮಗೆ ಹೊರಗಿನಿಂದ ಬಂದ ಪದ್ಧತಿಯಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ನಡೆದರು. ಅವರು ಬೇಡಿದ್ದು ಹಣವನ್ನಲ್ಲ, ಧಾನ್ಯವನ್ನೂ ಅಲ್ಲ. ನಿಮ್ಮ ಕುಡಿತ, ನಿಮ್ಮ ಬೀಡಿ, ನಿಮ್ಮ ಗುಟ್ಕಾ ನನ್ನ ಜೋಳಿಗೆಗೆ ಹಾಕಿ ಎಂದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆಯಿಂದ ನಾನು ಕಲಿಯುವುದು ಎರಡು ಸಂಗತಿ. ವ್ಯಸನ ಇದ್ದ ಕೇರಿಗೇ ಅದು ಹೋಯಿತು, ವ್ಯಸನಿ ಮಠಕ್ಕೆ ಬರಲಿ ಎಂದು ಕಾಯಲಿಲ್ಲ. ಕೊಡುವವನು ಏನನ್ನು ಕೊಡಬೇಕೆಂಬುದು ಅದರಲ್ಲಿ ಸ್ಪಷ್ಟವಿತ್ತು. ಅಮೆರಿಕದಲ್ಲಿ 1938ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಪೋಲಿಯೊ ವಿರುದ್ಧ ಕಟ್ಟಿದ ಪ್ರತಿಷ್ಠಾನಕ್ಕೂ ಈ ಸ್ಪಷ್ಟತೆ ಇತ್ತು: ಪ್ರತಿಯೊಬ್ಬರೂ ಹತ್ತು ಸೆಂಟಿನ ಒಂದು ನಾಣ್ಯ. ಆ ನಾಣ್ಯಗಳ ಬೆಂಬಲದಿಂದ 1954ರ ಲಸಿಕಾ ಪ್ರಯೋಗ ನಡೆಯಿತು, ಮರುವರ್ಷ ಸಾಕ್ ಲಸಿಕೆ ಬಂತು. ಪೋಲಿಯೊ ಹಿಡಿತಕ್ಕೆ ಬಂದ ಮೇಲೆ ಅದೇ ಸಂಸ್ಥೆ ಹುಟ್ಟಿನಿಂದ ಬರುವ ದೋಷಗಳ ಕಡೆ ತಿರುಗಿ 1970ರಲ್ಲಿ ಸಾಮೂಹಿಕ ನಡಿಗೆ ಆರಂಭಿಸಿತು. ಇಂದು ನಾವು ಕಾಣುವ ವಾಕಥಾನ್‌ಗಳ ಹಿರಿಯಕ್ಕಂದಿರಲ್ಲಿ ಅದೂ ಒಂದು.

ಈಗ ನಮ್ಮ ದಕ್ಷಿಣ ಬೆಂಗಳೂರಿಗೆ ಬರೋಣ. 1948ರಲ್ಲಿ ರೂಪುಗೊಳ್ಳತೊಡಗಿದ ಜಯನಗರ ನಡೆಯುವವರ ಬಡಾವಣೆ. ಮಾಧವನ್ ಪಾರ್ಕ್, ಲಕ್ಷ್ಮಣರಾವ್ ಪಾರ್ಕ್, ಜೆ.ಪಿ. ನಗರದ ಮಿನಿ ಫಾರೆಸ್ಟ್, ಪುಟ್ಟೇನಹಳ್ಳಿ ಕೆರೆ ಇವುಗಳ ಸುತ್ತ ಬೆಳಗಾಗುವ ಮೊದಲೇ ಸಾವಿರಾರು ಜನ ನಡೆಯುತ್ತಾರೆ. ಜಾಗೃತಿ ನಡಿಗೆಗೆ ಜನ ಬೇಕೆಂದರೆ ಇಲ್ಲಿ ಕೊರತೆಯಿಲ್ಲ. ಈ ಬಡಾವಣೆಗಳ ಮಗ್ಗುಲಲ್ಲೇ, ಕೆಲವೇ ಕಿಲೋಮೀಟರುಗಳೊಳಗೆ, ನಿಮ್ಹಾನ್ಸ್, ಕಿದ್ವಾಯಿ, ಸಂಜಯ ಗಾಂಧಿ ಆಸ್ಪತ್ರೆ, ಜಯದೇವ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ. 2021ರ ನೀತಿಯಡಿ ಇಡೀ ದೇಶದಲ್ಲಿ ವಿರಳ ಕಾಯಿಲೆಗಳಿಗೆ ಮೊದಲು ಗುರುತಿಸಿದ ಎಂಟು ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು ಈ ಮಕ್ಕಳ ಸಂಸ್ಥೆ. ಅದರ ಜೊತೆಗಿರುವುದು ಎಲೆಕ್ಟ್ರಾನಿಕ್ ಸಿಟಿಯ ಮಾನವ ವಂಶವಾಹಿ ವಿಜ್ಞಾನ ಕೇಂದ್ರ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್. ಕರ್ನಾಟಕದ ಯಾವ ಮೂಲೆಯ ಮಗುವಾದರೂ ಕೊನೆಗೆ ಬಂದು ತಲುಪಬೇಕಾದ ಬಾಗಿಲು ನಮ್ಮ ಬೀದಿಯ ಕೊನೆಯಲ್ಲಿದೆ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದ ಮೆಟ್ರೊ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಜಯದೇವ, ಬಿಟಿಎಂ ಲೇಔಟ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೇ ಹೋಗುತ್ತದೆ.

ಇಷ್ಟು ಅನುಕೂಲವಿರುವಾಗ ನಮ್ಮ ಸಾಮಾನ್ಯ ಜಾಗೃತಿ ನಡಿಗೆಯ ಸ್ವರೂಪ ಹೇಗಿರುತ್ತದೆ? ಮೈದಾನದಲ್ಲಿ ಶುರುವಾಗಿ ಮೈದಾನಕ್ಕೇ ಮರಳುತ್ತದೆ. ಬ್ಯಾನರ್ ಬಹುತೇಕ ಇಂಗ್ಲಿಷಿನದು. ನಡೆಯುವವರು ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿದವರು, ಟಿ-ಶರ್ಟ್ ಧರಿಸಿದವರು. ಅವರಿಗೆ ಕಾಯಿಲೆ ಬಂದರೆ ಹೇಗೋ ಒಳ್ಳೆಯ ವೈದ್ಯರನ್ನು ಹುಡುಕಬಲ್ಲರು. ತಾವರೆಕೆರೆಯ ಇಕ್ಕಟ್ಟಿನ ಗಲ್ಲಿಯಲ್ಲಿ, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರಿರುವ ಬೊಮ್ಮನಹಳ್ಳಿಯ ಕಡೆ, ಬನಶಂಕರಿಯ ಹಿಂಭಾಗದ ಕಾಲೊನಿಗಳಲ್ಲಿ ಆ ನಡಿಗೆ ಸಾಗುವುದಿಲ್ಲ. ಬರೆಯುವ ಮಾತೂ ಬದಲಾಗಬೇಕು. ಡ್ಯುಶೆನ್ ಸ್ನಾಯುಕ್ಷಯ ಎಂದು ಫಲಕದಲ್ಲಿ ಬರೆದರೆ ಯಾರಿಗೂ ಏನೂ ತಿಳಿಯದು. ನಾಲ್ಕು ವರ್ಷದ ಹುಡುಗ ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೇ ಕೈಯೂರಿ ಏಳುತ್ತಾನೆಯೇ, ಮೀನಖಂಡ ದಪ್ಪಗಿದೆಯೇ, ಮೆಟ್ಟಿಲು ಹತ್ತಲು ಕಷ್ಟಪಡುತ್ತಾನೆಯೇ ಎಂದು ಬರೆದರೆ ಅಂಗನವಾಡಿಯ ಮುಂದೆ ನಿಂತ ತಾಯಿಗೆ ಅರ್ಥವಾಗುತ್ತದೆ. ದಪ್ಪ ಮೀನಖಂಡವನ್ನು ಗಟ್ಟಿಮುಟ್ಟು ಮಗುವಿನ ಗುರುತೆಂದು ಹೆಮ್ಮೆಪಟ್ಟ ಮನೆ ಎಷ್ಟೋ ಇವೆ. ಕಾಯಿಲೆಯ ಹೆಸರು ವೈದ್ಯರಿಗೆ ಬೇಕು. ಬೀದಿಗೆ ಬೇಕಾದದ್ದು ಲಕ್ಷಣ, ಮತ್ತು ಯಾವ ಬಾಗಿಲಿಗೆ ಹೋಗಬೇಕೆಂಬ ವಿಳಾಸ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಇದು: ರಕ್ತಹೀನತೆ, ಕ್ಷಯ, ಸಕ್ಕರೆ ಕಾಯಿಲೆ ಇವುಗಳಿಂದ ಲಕ್ಷಾಂತರ ಜನ ನರಳುವ ನಾಡಿನಲ್ಲಿ ಲಕ್ಷಕ್ಕೊಬ್ಬರ ಕಾಯಿಲೆಗೆ ಜನರ ಗಮನ, ಸರ್ಕಾರದ ಹಣ ಯಾಕೆ? ಹಣದ ಮಟ್ಟಿಗೆ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹತ್ತು ಕೆಜಿ ತೂಕದ ಮಗುವಿಗೆ ಕೆಲವು ವಿರಳ ಕಾಯಿಲೆಗಳ ಚಿಕಿತ್ಸೆಗೆ ವರ್ಷಕ್ಕೆ 10 ಲಕ್ಷದಿಂದ ಒಂದು ಕೋಟಿಗೂ ಮೀರಿ ಬೇಕಾಗಬಹುದು, ಜೀವನಪರ್ಯಂತ ಬೇಕು, ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ ಎಂದು ಸರ್ಕಾರದ ನೀತಿಯೇ ಹೇಳುತ್ತದೆ. ಆದರೆ ಗುರುತಿಸುವ ಕೆಲಸಕ್ಕೆ ಈ ಆಕ್ಷೇಪ ತಾಗುವುದಿಲ್ಲ. ವಿಲ್ಸನ್ ಕಾಯಿಲೆಯ ಸತು, ಥೈರಾಯ್ಡಿನ ಮಾತ್ರೆ, ಬಯೋಟಿನ್ ಇವೆಲ್ಲ ಅಗ್ಗ, ದುಬಾರಿಯಾದದ್ದು ತಡ. ಏಳು ವರ್ಷ ಅಲೆಯುವ ಕುಟುಂಬ ಬಸ್ಸಿಗೆ, ಸ್ಕ್ಯಾನಿಗೆ, ಬೇಡದ ಔಷಧಕ್ಕೆ ಸಾಲ ಮಾಡುತ್ತದೆ, ಒಬ್ಬರು ಕೆಲಸ ಬಿಡುತ್ತಾರೆ. ಔಷಧವೇ ಇಲ್ಲದ ಕಾಯಿಲೆಯಲ್ಲೂ ಹೆಸರು ತಿಳಿದರೆ ಮುಂದಿನ ಮಗುವಿನ ಬಗ್ಗೆ ತಂದೆತಾಯಿ ತಿಳಿದು ನಿರ್ಧರಿಸಬಹುದು, ಸುಳ್ಳು ಭರವಸೆ ಮಾರುವವರಿಂದ ತಪ್ಪಿಸಿಕೊಳ್ಳಬಹುದು. ಮೇಲಾಗಿ, ಅಂಗನವಾಡಿ ಕಾರ್ಯಕರ್ತೆ, ಆಶಾ, ಸರ್ಕಾರ ನಡೆಸುವ ನಮ್ಮ ಕ್ಲಿನಿಕ್‌ನ ವೈದ್ಯರು ಒಂದು ವಿಚಿತ್ರ ಲಕ್ಷಣವನ್ನು ಕಂಡು ಸರಿಯಾದ ಕಡೆ ಕಳುಹಿಸುವ ಅಭ್ಯಾಸ ಬೆಳೆಸಿಕೊಂಡರೆ ಅದರ ಲಾಭ ಸಾಮಾನ್ಯ ಕಾಯಿಲೆಯವರಿಗೂ ಸಿಗುತ್ತದೆ.

ಎರಡನೆಯ ಆಕ್ಷೇಪ ನಡಿಗೆಯ ಕುರಿತೇ: ಇದೊಂದು ಬೆಳಗಿನ ಸಂಭ್ರಮ, ಫೋಟೊ ತೆಗೆಸಿಕೊಂಡು ಮರೆಯುವಂಥದ್ದು. 2014ರ ಬೇಸಿಗೆಯಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ಸವಾಲು ಜಗತ್ತಿನಲ್ಲೆಲ್ಲ ಹಬ್ಬಿದಾಗಲೂ ಇದೇ ಮಾತು ಬಂದಿತ್ತು. ಅದರಿಂದ ಎಎಲ್‌ಎಸ್ ಎಂಬ ನರಕೋಶಗಳ ಕಾಯಿಲೆಗಾಗಿ ದುಡಿಯುವ ಅಮೆರಿಕದ ಸಂಘಕ್ಕೆ 11.5 ಕೋಟಿ ಡಾಲರ್ ಬಂತು. ಅದರ ಒಂದು ಪಾಲು ಹೋದ ಸಂಶೋಧನೆಯಿಂದ 2016ರಲ್ಲಿ ಆ ಕಾಯಿಲೆಗೆ ಸಂಬಂಧಿಸಿದ ಎನ್‌ಇಕೆ1 ಎಂಬ ವಂಶವಾಹಿ ಪತ್ತೆಯಾಯಿತು. ಸಂಭ್ರಮದಿಂದಲೂ ಕೆಲಸ ಆಗುತ್ತದೆ. ಆದರೆ ಮರುವರ್ಷ ಅದೇ ಸವಾಲನ್ನು ಎಬ್ಬಿಸಲು ಹೋದಾಗ ಹಿಂದಿನದರ ಸಣ್ಣ ಪಾಲಷ್ಟೇ ಬಂತು. ನಾವು ಇಂದು ಸೇರಿರುವುದು ಒಂದು ದತ್ತಿಯ ಹೆಸರಿನಲ್ಲಿ. ದಾನಕ್ಕೂ ದತ್ತಿಗೂ ಇರುವ ಭೇದ ಇಲ್ಲಿರುವ ಎಲ್ಲರಿಗೂ ಗೊತ್ತು: ದತ್ತಿಯಲ್ಲಿ ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ವರ್ಷ ವರ್ಷ ಕೆಲಸ ನಡೆಯಬೇಕು. ನಡಿಗೆಗೂ ಒಂದು ಅಸಲು ಬೇಕು. ಅಂದು ಬಂದ ಜನ ಮನೆಗೆ ಹೋದ ಮೇಲೆ ಉಳಿಯುವ ಒಂದು ದೂರವಾಣಿ ಸಂಖ್ಯೆ, ಅದನ್ನು ಎತ್ತುವ ಒಬ್ಬ ಮನುಷ್ಯ, ಪೋಷಕರ ಒಂದು ಸಂಘ, ಆಸ್ಪತ್ರೆಯ ನೋಂದಣಿಯಲ್ಲಿ ಹೊಸದಾಗಿ ಸೇರಿದ ಹೆಸರುಗಳು. ಇವಿದ್ದರೆ ಮರುವರ್ಷ ಜನ ಕಡಿಮೆ ಬಂದರೂ ಚಿಂತೆಯಿಲ್ಲ.

ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡಿದ್ದು. ಚಿಕಿತ್ಸೆ ಕೊಡುವುದು ಸರ್ಕಾರದ ಹೊಣೆಯಾಗಿರುವಾಗ ಜನ ಹಣಕ್ಕಾಗಿ ನಡೆದರೆ ಆ ಹೊಣೆ ಜನರ ಹೆಗಲಿಗೆ ಜಾರುವುದಿಲ್ಲವೇ? ಜಾರುತ್ತದೆ, ಎಚ್ಚರ ತಪ್ಪಿದರೆ. ದೆಹಲಿಯಲ್ಲಿ ರಿಕ್ಷಾ ಎಳೆಯುವವರೊಬ್ಬರ ಮಗನಿಗೆ ಗೋಶೆ ಎಂಬ ವಿರಳ ಕಾಯಿಲೆಯ ಔಷಧ ಸರ್ಕಾರ ಕೊಡಬೇಕೆಂದು ಅಲ್ಲಿನ ಹೈಕೋರ್ಟ್ 2014ರ ಏಪ್ರಿಲ್ 17ರಂದು ತೀರ್ಪು ಕೊಟ್ಟಿತು. 2017ರಲ್ಲಿ ನೀತಿ ಬಂತು, ಮರುವರ್ಷ ಅದನ್ನು ತಡೆಹಿಡಿಯಲಾಯಿತು, 2021ರ ಮಾರ್ಚಿನಲ್ಲಿ ಹೊಸದು ಬಂತು. ಒಂದು ಗುಂಪಿನ ಕಾಯಿಲೆಗಳಿಗೆ ಮಾತ್ರ 20 ಲಕ್ಷ ರೂಪಾಯಿ ನೆರವೆಂದಿದ್ದದ್ದು 2022ರಲ್ಲಿ ಎಲ್ಲ ಗುಂಪುಗಳಿಗೂ 50 ಲಕ್ಷದವರೆಗೆ ಏರಿತು. ಆದರೆ ಜೀವನಪರ್ಯಂತ ಬೇಕಾಗುವ ಔಷಧಕ್ಕೆ 50 ಲಕ್ಷ ಮುಗಿದ ಮೇಲೆ ಏನು ಎಂಬ ಪ್ರಶ್ನೆ ಪೋಷಕರನ್ನು ಮತ್ತೆ ಕೋರ್ಟಿಗೆ ಕಳುಹಿಸಿದೆ. ಉಳಿದ ಹಣವನ್ನು ಜನರಿಂದ ಎತ್ತಲೆಂದು ಕೇಂದ್ರ ಆರೋಗ್ಯ ಇಲಾಖೆ 2021ರಲ್ಲಿ ತೆರೆದ ಡಿಜಿಟಲ್ ವೇದಿಕೆಗೆ ಬಂದ ಮೊತ್ತ ತೀರ ಅಲ್ಪ. ದಾನದಿಂದ ಈ ಔಷಧಗಳ ಬೆಲೆ ತೀರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬೆಲೆ ಇಳಿಸುವ ದಾರಿ ಬೇರೆ. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಬಳಸುವ ರಿಸ್‌ಡಿಪ್ಲಾಮ್‌ನ ಒಂದು ಸೀಸೆಗೆ ಸುಮಾರು 6 ಲಕ್ಷ ರೂಪಾಯಿ ಇತ್ತು. ಪೇಟೆಂಟ್ ವ್ಯಾಜ್ಯದಲ್ಲಿ ನ್ಯಾಯಾಲಯ ತಡೆ ಕೊಡಲು ನಿರಾಕರಿಸಿದ ಮೇಲೆ 2025ರ ಅಕ್ಟೋಬರಿನಲ್ಲಿ ಹೈದರಾಬಾದಿನ ನ್ಯಾಟ್ಕೊ ಅದನ್ನು 15,900 ರೂಪಾಯಿಗೆ ತಂದಿತು. ಇದನ್ನು ಯಾವ ನಡಿಗೆಯೂ ಮಾಡಲಾರದು. ಆದ್ದರಿಂದಲೇ ನಡಿಗೆಯಲ್ಲಿ ಹಣದ ಡಬ್ಬಿ ಹಿಂದಿರಲಿ, ಬೇಡಿಕೆಯ ಫಲಕ ಮುಂದಿರಲಿ ಎನ್ನುತ್ತೇನೆ: ಪ್ರತಿ ಶಿಶುವಿಗೂ ರಕ್ತ ತಪಾಸಣೆ, ಪ್ರತಿ ಜಿಲ್ಲೆಯಲ್ಲೂ ವಂಶವಾಹಿ ಸಮಾಲೋಚನೆ. ಇಲ್ಲಿ ಒಂದು ತೊಡಕಿದೆ. 2021ರ ಆದೇಶದಂತೆ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಆರೋಗ್ಯದ ಜಾಥಾಕ್ಕೆ ಬೀದಿಯಲ್ಲಿ ಅನುಮತಿ ಸಿಗುತ್ತದೆ. ಬೀದಿ ಸಿಗುವುದೇ ಬೇಡಿಕೆ ಬಿಟ್ಟವರಿಗೆ ಎಂದಾದರೆ ಆ ಬೀದಿಯ ಬೆಲೆ ಹೆಚ್ಚಾಯಿತು. ಬೇಡಿಕೆಯನ್ನು ಲಕ್ಷಣದ ಭಾಷೆಯಲ್ಲಿ, ಹಕ್ಕಿನ ಮಾತಿನಲ್ಲಿ, ಶಾಂತವಾಗಿ ಬರೆದು ಹಿಡಿದರೆ ಅದನ್ನು ಯಾರೂ ತಡೆಯಲಾರರೆಂದು ನಂಬಿದ್ದೇನೆ.

ಔಷಧ ಕಂಪನಿಗಳ ಪ್ರಾಯೋಜಕತ್ವದ ಬಗ್ಗೆ ಒಂದೆರಡು ಮಾತು ಸಾಕು. ಅವರ ಹಣ ಬಂದಾಗ ಔಷಧವಿರುವ ಕಾಯಿಲೆಗಳಷ್ಟೇ ಬ್ಯಾನರಿಗೆ ಏರುತ್ತವೆ; ಹಂದಿಗೋಡು ಏರುವುದಿಲ್ಲ. ಯಾವ ಕಾಯಿಲೆಯನ್ನು ಮುಂದೆ ಮಾಡಬೇಕೆಂಬುದನ್ನು ರೋಗಿಗಳ ಸಂಘ ಮತ್ತು ಸರ್ಕಾರಿ ಆಸ್ಪತ್ರೆಯ ವೈದ್ಯರು ನಿರ್ಧರಿಸಲಿ, ಯಾರು ಎಷ್ಟು ಕೊಟ್ಟರೆಂಬ ಲೆಕ್ಕ ಎಲ್ಲರಿಗೂ ಕಾಣಲಿ.

ಕೊನೆಯ ಆಕ್ಷೇಪ ರೋಗಿಗಳ ಮನೆಯೊಳಗಿನಿಂದಲೇ ಬರುತ್ತದೆ. ಮಗುವನ್ನು ಬೀದಿಯಲ್ಲಿ ತೋರಿಸಿದರೆ ಅದರ ಅಕ್ಕನಿಗೆ ಗಂಡು ಸಿಗುವುದು ಕಷ್ಟ, ನೆಂಟರು ವಂಶದಲ್ಲಿ ದೋಷ ಎನ್ನುತ್ತಾರೆ, ತಾಯಿಯ ಮೇಲೆ ತಪ್ಪು ಹೊರಿಸುತ್ತಾರೆ. ಈ ಭಯವನ್ನು ಮೂಢನಂಬಿಕೆ ಎಂದು ತಳ್ಳುವ ಹಕ್ಕು ಹೊರಗಿನ ಯಾರಿಗೂ ಇಲ್ಲ. ನಡಿಗೆಯಲ್ಲಿ ಯಾವ ಮಗುವಿನ ಮುಖವನ್ನೂ ಫಲಕದಲ್ಲಿ ಅಚ್ಚು ಹಾಕಬಾರದು. ಬರಬೇಕೆನಿಸಿದವರು ಬರಲಿ, ಬಾರದವರ ಪರವಾಗಿ ನೆರೆಯವರು ನಡೆಯಲಿ. ನೆರೆಯವರು ನಡೆಯುವುದರ ಪ್ರಯೋಜನವೇ ಅದು: ಯಾರ ಮನೆಯ ಕಾಯಿಲೆ ಎಂದು ಬೆರಳು ತೋರುವಂತಿಲ್ಲ. ಬರಬೇಕೆನ್ನುವವರಲ್ಲಿ ಬಹಳ ಮಂದಿ ನಡೆಯಲಾರರು, ಗಾಲಿಕುರ್ಚಿಯಲ್ಲಿ ಬರುತ್ತಾರೆ. ಅವರಿಗೆ ಏಳು ಕಿಲೋಮೀಟರ್ ಬೇಡ, ಎರಡು ಸಾಕು. ಆ ಎರಡು ಕಿಲೋಮೀಟರಿನಲ್ಲಿ ಜಯನಗರದ ಫುಟ್‌ಪಾತ್ ಎಷ್ಟು ಕಡೆ ಮುರಿದಿದೆ, ಎಲ್ಲಿ ಇಳಿಜಾರಿಲ್ಲ, ಎಲ್ಲಿ ಟ್ರಾನ್ಸ್‌ಫಾರ್ಮರ್ ದಾರಿಗೆ ಅಡ್ಡ ನಿಂತಿದೆ ಎಂದು ಅಂದೇ ಪಟ್ಟಿ ಮಾಡಿ ಪಾಲಿಕೆಗೆ ಕೊಟ್ಟರೆ, ಗಾಲಿಕುರ್ಚಿಯವರಿಗೆ ವರ್ಷದ ಉಳಿದ ದಿನಗಳೂ ಸ್ವಲ್ಪ ಸುಲಭವಾದಾವು.

ನನ್ನದೊಂದು ಪ್ರಸ್ತಾಪವಿದೆ. ವಿರಳ ಕಾಯಿಲೆಗಳ ದಿನವನ್ನು ಯುರೋಪಿನ ರೋಗಿಗಳ ಒಕ್ಕೂಟ ಮೊದಲು ಆಚರಿಸಿದ್ದು 2008ರ ಫೆಬ್ರವರಿ 29ರಂದು. ನಾಲ್ಕು ವರ್ಷಕ್ಕೊಮ್ಮೆ ಬರುವ ತಾರೀಖೆಂದೇ ಆರಿಸಿಕೊಂಡರು. ನಮ್ಮ ನಡಿಗೆಗಳು ಜನ ಬಿಡುವಾಗಿರುತ್ತಾರೆಂದು ಭಾನುವಾರ ನಡೆಯುತ್ತವೆ. ಭಾನುವಾರ ಆಸ್ಪತ್ರೆಯ ಹೊರರೋಗಿ ವಿಭಾಗ ಮುಚ್ಚಿರುತ್ತದೆ, ಹಾಗಾಗಿ ನಡಿಗೆ ಆಸ್ಪತ್ರೆಯ ಕಡೆ ತಿರುಗುವುದೇ ಇಲ್ಲ. 2028ರಲ್ಲಿ ಫೆಬ್ರವರಿ 29 ಮಂಗಳವಾರ ಬೀಳುತ್ತದೆ. ಅಂದು ಬೆಳಿಗ್ಗೆ ಆರೂವರೆಗೆ ಮಾಧವನ್ ಪಾರ್ಕಿನಿಂದ, ಬನಶಂಕರಿ ದೇವಸ್ಥಾನದ ಮುಂದಿನಿಂದ, ತಾವರೆಕೆರೆಯಿಂದ ಮೂರು ಸಣ್ಣ ಗುಂಪು ಹೊರಡಲಿ. ಸಂಚಾರಕ್ಕೆ ತೊಂದರೆಯಾಗದಂತೆ ರಸ್ತೆಯ ಅಂಚಿನಲ್ಲೇ, ಐವತ್ತು ಐವತ್ತು ಜನ. ಹಿಂದಿನ ಆರು ತಿಂಗಳಲ್ಲಿ ಅಂಗನವಾಡಿಗಳಲ್ಲಿ, ನಮ್ಮ ಕ್ಲಿನಿಕ್‌ಗಳಲ್ಲಿ ಲಕ್ಷಣಗಳ ಕನ್ನಡ, ಉರ್ದು, ತಮಿಳು, ತೆಲುಗು ಕರಪತ್ರ ಹಂಚಿ, ಅನುಮಾನವಿರುವ ಮನೆಗಳನ್ನು ಆ ದಿನಕ್ಕೆ ಕರೆದಿರಬೇಕು. ಮಕ್ಕಳನ್ನು ಎತ್ತಿಕೊಂಡವರಿಗೆ ಆಟೊ ಇರಲಿ. ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಚೀಟಿ ಕೊಡುವ ಕಿಟಕಿ ತೆರೆಯುವ ಹೊತ್ತಿಗೆ ಮೂರೂ ಗುಂಪು ಅಲ್ಲಿಗೆ ಬಂದು ಸಾಲಿನಲ್ಲಿ ನಿಲ್ಲಬಹುದು. ತಯಾರಿಯನ್ನು 2027ರ ಆಗಸ್ಟಿನಿಂದಲೇ ಶುರು ಮಾಡಬೇಕಾಗುತ್ತದೆ.